ಸೋರೆಬಳ್ಳಿಯ ಕೆಳಗೆ

ಕೋಟೆಯ ಗೋಡೆಗೆ ಕಟ್ಟಿದ್ದ ನನ್ನ ತೋಟವನ್ನು ಬಿಚ್ಚಿಕೊಂಡು ಹೋಗಲು ಸೈನಿಕರು ಮಧ್ಯಾಹ್ನದವರೆಗೆ ಗಡುವು ಕೊಟ್ಟಿದ್ದರು. ಜೊಂಡು ಹೆಣೆದು, ಕೆಸರು ಹಾಕಿ ಸೋರೆ ಬೆಳೆಸಿದ ತೇಲುವ ತುಂಡು ಅದು. ಸರೋವರದಲ್ಲಿ ಎಲ್ಲಿಗೆ ಬೇಕಾದರೂ ನೂಕಿಕೊಂಡು ಹೋಗಬಹುದು. ಮುತ್ತಿಗೆ ಹಾಕಿದ ಸೈನಿಕರು ಕಾಯಿಯ ಆಸೆಗೆ ಇಷ್ಟು ದಿನ ನನ್ನನ್ನು ಬಿಟ್ಟಿದ್ದರು.

ನಾಳೆ ರಾಣಿ ಬಾಗಿಲು ತೆರೆದು, ತನ್ನ ಮೇಲೆಯೇ ದಂಡೆತ್ತಿ ಗೆದ್ದ ಮಂತ್ರಿಯನ್ನು ಮದುವೆಯಾಗಬೇಕು. ಇನ್ನು ಕಾಶ್ಮೀರಕ್ಕೆ ಅವನೇ ಸುಲ್ತಾನ. ರಾಣಿಯ ಜೊತೆಗಿದ್ದವರ ಗತಿ ಏನೆಂದು ಯಾರೂ ಹೇಳುತ್ತಿರಲಿಲ್ಲ. ರಾಣಿಯ ತಲೆ ಬಾಚುವ ನನ್ನ ಮಗಳು ಲೋಠಿಕೆ ಒಳಗಿದ್ದಳು. ಹನ್ನೆರಡು ದಿನದಿಂದ ನನ್ನ ಕಣ್ಣು ಕೋಟೆಯಿಂದ ನೀರಿಗಿಳಿಯುವ ಮೆಟ್ಟಿಲನ್ನು ಬಿಟ್ಟಿರಲಿಲ್ಲ.

ಬುಟ್ಟಿ ಹಿಡಿದು ಅವಳು ಕೆಳಗಿಳಿದಳು.

"ಬಳ್ಳಿ ಕೆಳಗೆ ಮಲಕ್ಕೋ. ಬೇಗ."

"ಹೋಗಮ್ಮ. ನಾಳೆ ರಾಣಿಯವರನ್ನ ಸಿಂಗರಿಸೋರು ಯಾರು?"

"ಮೂರನೇ ಮದುವೆ ಕಣೇ ಅವರಿಗೆ. ಸಿಂಗಾರ ಅಭ್ಯಾಸ ಆಗಿರುತ್ತೆ."

ನಾಲಿಗೆ ಕಚ್ಚಿಕೊಂಡೆ. ಲೋಠಿಕೆ ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸುಸ್ತಾಗಿದಾರಮ್ಮ. ಬಾಚ್ತಿದ್ದ ಹಾಗೇ ಕಣ್ಣು ಮುಚ್ಕೋತಾರೆ. ಬೆಳಿಗ್ಗೆ ಬಾಚಣಿಗೆ ಕಿತ್ಕೊಂಡು, 'ನಿಮ್ಮಮ್ಮ ಕಾಯ್ತಿದಾಳೆ, ಹೋಗು, ನಾನೇ ಬಾಚ್ಕೋತೀನಿ' ಅಂದ್ರು. ಕಿಟಕಿಯಿಂದ ದಿನಾ ನಿನ್ನ ನೋಡ್ತಿದ್ರಂತೆ."

ನಾನು ತಲೆಯೆತ್ತಿ ಆ ಕಿಟಕಿ ನೋಡಲಿಲ್ಲ. ಮಗಳ ರಟ್ಟೆ ಹಿಡಿದು ಎಳೆದೆ. ಅವಳು ಬಂದು ಮಲಗಿದಳು; ಎಲೆಗಳನ್ನು ಅವಳ ಮೇಲೆ ಹರಡಿ ಹಗ್ಗ ಬಿಚ್ಚಿದೆ.

ನಡುನೀರಿನಲ್ಲಿ ಕಾವಲಿನ ಸೈನಿಕ ಗಗ್ಗ ತನ್ನ ದೋಣಿ ಅಡ್ಡ ಹಾಕಿದ.

"ಅಜ್ಜೀ, ತೋಟ ನಿಂದೋ, ಯಾರದ್ದಾದ್ರೂ ಎಳ್ಕೊಂಡು ಹೊರಟ್ಯೋ?"

"ಕದಿಯೋಳು ಇಂಥ ಒಣಕಲನ್ನ ಕದೀತೀನಾ? ಬಲಿತಿರೋದನ್ನೆಲ್ಲ ನೀವೇ ನುಂಗಿದ್ರಲ್ಲ!"

ಅವನು ನಕ್ಕು ಬಳ್ಳಿಯೊಳಗೆ ಕೈ ಹಾಕಲು ಬಂದ. ನಾನೇ ಬಗ್ಗಿ, ಲೋಠಿಕೆಯ ಕಾಲ ಬಳಿಯಿದ್ದ ಕಾಯಿ ಕಿತ್ತು ಅವನ ಮಡಿಲಿಗೆ ಎಸೆದೆ.

"ತಗೋ. ಬೇರು ಅಲ್ಲಾಡಿಸಬೇಡ, ಅದೊಂದೇ ಉಳಿದಿರೋದು."

"ನಿನ್ನ ಬಾಯಿಗೆ ಹೆದರಿ ಬಿಟ್ಟೆ, ಹೋಗು," ಅಂದ.

ದೋಣಿ ದೂರವಾಗುವವರೆಗೆ ತೋಟ ನೂಕುವ ಕೋಲನ್ನು ಊರುತ್ತಲೇ ಇದ್ದೆ. ಎಲೆಗಳೊಳಗಿಂದ ಮಗಳ ದನಿ ಬಂತು.

"ಅಮ್ಮ, ರಾಣಿಯವರಿಗೆ ಬಲಭುಜ ನೋವು. ಕೈ ಹಿಂದಕ್ಕೆ ಎಟುಕಲ್ಲ. ಜಡೆ ಹೇಗೆ ಹೆಣ್ಕೋತಾರೆ?"

"ಸುಮ್ನೆ ಮಲಕ್ಕೋ."

ನಾನು ಒಮ್ಮೆ ಮಾತ್ರ ಹಿಂದಿರುಗಿ ನೋಡಿದೆ. ರಾಣಿಯ ಕಿಟಕಿ ಇನ್ನೂ ತೆರೆದೇ ಇತ್ತು. ಕೋಲನ್ನು ಕೆಸರಿನಿಂದ ಕಿತ್ತು, ಮತ್ತೆ ಊರಿ ತೋಟವನ್ನು ಮುಂದಕ್ಕೆ ನೂಕಿದೆ.