ಮಂಚದಡಿಯ ಜಾಗ

ಸರ್ರನೆ ವಾಪಸ್ ಬಂತು ಟೇಪು, ಬೆರಳಿಗೆ ಬಡಿಯಿತು, ಆ ತುದಿಯನ್ನು ಗೋಡೆಗೆ ಒತ್ತಿ ಹಿಡಿಯಲು ಯಾರೂ ಇಲ್ಲವಲ್ಲ, ಮೂವತ್ತು ವರ್ಷ ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದವನಿಗೆ ಸ್ವಂತ ಕೋಣೆ ಅಳೆಯಲು ಬರುತ್ತಿಲ್ಲ — ಇಟ್ಟಿಗೆ ಹೇರಿಡು ಅದರ ಮೇಲೆ, ಹಾಂ, ನಿಂತಿತು, ಈ ಕಡೆ ಹನ್ನೆರಡಡಿ, ಆ ಕಡೆ ಹತ್ತು. ಮದುವೆಯಾದ ಹೊಸತರಲ್ಲಿ ಇವಳೇ ಹಿಡಿಯುತ್ತಿದ್ದಳು, ನನ್ನ ಜೊತೆ ಕೆಲಸಕ್ಕೆ ಬಂದು, ಗೋಡೆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಿ, ಆಯ್ತಾ ರೀ, ಬಿಡ್ಲಾ, ಇರು ಮಾರಾಯ್ತಿ, ಇನ್ನೊಂದು ಸಲ ನೋಡ್ತೀನಿ — ನೋಡಿಯಾಗಿರುತ್ತಿತ್ತು, ಆ ಉಗುರು ನೋಡುತ್ತಿದ್ದೆ ಅಷ್ಟೆ. ಟೈಲ್ಸ್ ಅಂಗಡಿಯಲ್ಲಿ ಮಗಳು ಕಾಯುತ್ತಿದ್ದಾಳೆ, ಅಮ್ಮ ಹೋದಾಗಿಂದ ಆ ಕೋಣೆಗೆ ಕಾಲೇ ಇಟ್ಟಿಲ್ಲ ನೀನು, ನೆಲನಾದ್ರೂ ಹೊಸದಾಗ್ಲಿ ಅಂತ ಹಟ ಹಿಡಿದು ಹೋದವಳು, ಬೇಗ ಹೇಳಬೇಕು ಅವಳಿಗೆ. ಹನ್ನೆರಡು ಹತ್ಲೆ ನೂರಿಪ್ಪತ್ತು, ಎರಡಡಿ ಟೈಲು, ಬಾಕ್ಸಿಗೆ ನಾಲ್ಕು — ಸ್ವಿಚ್ಚಿನ ಪಕ್ಕ ಪೆನ್ಸಿಲಲ್ಲಿ ಇದೇ ಲೆಕ್ಕ ಆಗಲೇ ಇದೆ, ನನ್ನದೇ ಕೈ, ನೂರಿಪ್ಪತ್ತರಲ್ಲಿ ಇಪ್ಪತ್ನಾಲ್ಕು ಹೋದರೆ ತೊಂಬತ್ತಾರು. ಎರಡು ವರ್ಷವಾಯಿತು ಬರೆದು. ಆಗ ಇವಳು ಮಲಗಿದಲ್ಲೇ ಆಗಿದ್ದಳು, ಮಂಚ ಅಲ್ಲಾಡಿಸಲೂಬಾರದು ಎಂದಿದ್ದರು ಡಾಕ್ಟರು, ಈ ನೆಲದ ಸಿಮೆಂಟು ಪುಡಿ ಏಳೋದು ನೋಡಿ ನೋಡಿ ಸಾಕಾಯ್ತು ರೀ ಅಂದಿದ್ದಕ್ಕೆ ನಾನು ಮೇಸ್ತ್ರಿ ಬುದ್ಧಿ ತೋರಿಸಿದೆ, ಬೀರು ಕೆಳಗೆ, ಕಟ್ಟೆ ಕೆಳಗೆ ಬಿಡ್ತೀವಲ್ಲ ಹಾಗೆ ಮಂಚದಡಿ ಬಿಟ್ಟು ಹಾಕ್ತೀನಿ, ಅಲ್ಲಿ ಯಾರು ನೋಡ್ತಾರೆ. ಅವಳು ನಕ್ಕಳು, ಅಂದ್ರೆ ನನ್ನ ಜಾಗ ಬಿಟ್ಟು ಲೆಕ್ಕ ಅನ್ನಿ, ನಾನೂ ನಕ್ಕೆ, ದರಿದ್ರದವನು, ಅದನ್ನಾದರೂ ಹಾಕಿದೆನೇ, ಎರಡು ದಿನದ ಕೆಲಸ, ಆ ಗಿರಾಕಿಯದು ಮುಗಿಯಲಿ, ಈ ಗಿರಾಕಿಯದು ಮುಗಿಯಲಿ, ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಅವಳು ಬೈದದ್ದು ಒಂದೇ ಸಲ, ಆಮೇಲೆ ಕೇಳಲೇ ಇಲ್ಲ.

ಫೋನು. ಎಷ್ಟಪ್ಪ. ಆರು ಬಾಕ್ಸು, ಒಡೆದುಹೋದ್ರೆ ಅಂತ ಇನ್ನೊಂದು, ಏಳು ಹೇಳು. ಮೇಸ್ತ್ರಿ ಮಗಳು, ಬಾಯಲ್ಲೇ ಗುಣಿಸುತ್ತಿದ್ದಾಳೆ, ಸಾಲಲ್ಲಪ್ಪ, ಹನ್ನೆರಡು ಹತ್ತರ ಕೋಣೆ ಅದು, ಏನು ಕಳೆದೆ ನೀನು — ಮಂಚದ್ದು ಕಣೆ, ಅಂದೆ, ಎಷ್ಟು ಸಲೀಸಾಗಿ ಅಂದೆ. ಅಪ್ಪ, ಮಂಚ ಇಲ್ವಲ್ಲ ಈಗ.

ಇಲ್ಲ. ಕಿಟಕಿ ಪಕ್ಕ ಖಾಲಿ, ಸುತ್ತ ನೆಲವೆಲ್ಲ ಸವೆದು ಬಿಳಿಚಿದೆ, ಅಲ್ಲಿ ಮಾತ್ರ ಸಿಮೆಂಟು ಇನ್ನೂ ಕಪ್ಪಗೆ, ನುಣ್ಣಗೆ, ನಾಲ್ಕು ಕಾಲಿನ ಗುರುತು, ಅದನ್ನೂ ಸೇರಿಸಬೇಕು, ಅಳೆದೇ ಹೇಳಬೇಕು, ಉದ್ದ ಆರು, ಅಗಲ — ಟೇಪು ಜಾರಿತು, ಮತ್ತೆ ಇಟ್ಟೆ, ಮತ್ತೆ ಜಾರಿತು, ಆರು ನಾಲ್ಕ್ಲೆ, ಆ ಮೂಲೆಯಲ್ಲಿ ಒಂದು ಹೆಬ್ಬೆರಳು ಇದ್ದಿದ್ದರೆ ಸಾಕಿತ್ತು, ಆರು ನಾಲ್ಕ್ಲೆ, ಒತ್ತಿ ಒತ್ತಿ ಬೆಳ್ಳಗಾದ ಆ ಉಗುರು, ಆರು ನಾಲ್ಕ್ಲೆ, ಆ ಉಗುರು