ಹನ್ನೊಂದು ಮೈಲಿ ಖಾಲಿ ವ್ಯಾಗನ್‌ಗಳು

ದೊಡ್ಡ ರೈಲು ಕಂಪನಿ ನಮ್ಮ ಕಡೆಯ ಹಳಿಗಳನ್ನು ಬೇಡವೆಂದು ಬಿಟ್ಟಾಗ ಅಪ್ಪ ಆಲ್ವಿನ್ ಮತ್ತು ಅವನ ಗೆಳೆಯ ಡೆಲ್ ಕ್ರಾಟ್ಕಿ ಇನ್ನೂ ಮೂವರನ್ನು ಸೇರಿಸಿಕೊಂಡು ಅವನ್ನು ಕೊಂಡರು. ಇದ್ದದ್ದು ಎರಡು ಹಳೆಯ ಎಂಜಿನ್. ವ್ಯವಹಾರ ಡೆಲ್‌ನದು, ಎಂಜಿನ್ ಓಡಿಸುವುದು ಅಪ್ಪ. ಹಳಿಗೆ ಬಿದ್ದ ಮರ ಕಡಿಯುವುದೂ ಅವನೇ. ಆರು ವರ್ಷದಲ್ಲಿ ಪಕ್ಕದ ಎರಡು ಕವಲು ಹಳಿಗಳೂ ಅವರ ಕೈಗೆ ಬಂದವು. ಕೊಯ್ಲಿನ ಕಾಲಕ್ಕೆ ನೆಬ್ರಾಸ್ಕದ ಈ ಮೂಲೆಯಿಂದ ದಿನಕ್ಕೊಂದು ಗೋಧಿ ಗಾಡಿ ಹೊರಡುತ್ತಿತ್ತು. ನಾನು ಶಾಲೆ ಬಿಟ್ಟು ಸ್ಟೇಷನ್ನಿನಲ್ಲಿ ಕಸ ಗುಡಿಸಿ, ಕಾಫಿ ಕಾಯಿಸುತ್ತಿದ್ದೆ.

ಒಂದು ಬೇಸಿಗೆ ಆಲಿಕಲ್ಲಿಗೆ ಗೋಧಿ ನೆಲಕಚ್ಚಿತು. ಎಣ್ಣೆ ಕಂಪನಿಯೊಂದರ ಕೆಲಸವಿಲ್ಲದ ಟ್ಯಾಂಕ್ ವ್ಯಾಗನ್‌ಗಳನ್ನು ನಮ್ಮೂರಿನ ಹನ್ನೊಂದು ಮೈಲಿ ಹಳಿಯ ಮೇಲೆ ಬಾಡಿಗೆಗೆ ನಿಲ್ಲಿಸಿಕೊಳ್ಳಲು ಡೆಲ್ ಒಪ್ಪಿಬಂದ.

"ನಿಂತಲ್ಲೇ ದುಡೀತವೆ ಕಣೋ. ಮೇವೂ ಕೇಳಲ್ಲ, ನೀರೂ ಕೇಳಲ್ಲ."

"ಹಾಗಾದ್ರೆ ನಿನಗಿಂತ ವಾಸಿ," ಎಂದು ಅಪ್ಪ ನಕ್ಕ. ಅವನೇ ಆ ವ್ಯಾಗನ್‌ಗಳನ್ನು ಎಂಜಿನ್ನಿನಿಂದ ತಳ್ಳಿ ನಿಲ್ಲಿಸಿ ಬಂದ.

ಮರುವರ್ಷ ಬೆಳೆ ಚೆನ್ನಾಗಿ ಬಂತು. ಹಳಿಯ ಕೊನೆಯಲ್ಲಿ ಧಾನ್ಯದ ಕಣಜ ನಡೆಸುವ ಮಾರ್ಜಿ ವ್ಯಾಗನ್ ಕೇಳಲು ಬಂದಳು.

"ದಾರಿ ತುಂಬ ಟ್ಯಾಂಕ್‌ಗಳಿವೆ ಮಾರ್ಜಿ. ಈ ಸಲ ಲಾರೀಲಿ ಕಳಿಸಿಬಿಡು," ಎಂದ ಅಪ್ಪ.

ಆ ವರ್ಷವೂ ಮರುವರ್ಷವೂ ಅವಳು ಲಾರಿಯಲ್ಲೇ ಕಳಿಸಿದಳು.

ಆಮೇಲೆ ಪಾಲುದಾರರು ಜಗಳವಾಡಿ ಕಂಪನಿಯನ್ನು ಮೂರು ಹೋಳು ಮಾಡಿ ಮಾರಿದರು. ನಮ್ಮ ಹೋಳು ಕೊಂಡವನಿಗೆ ಬೇಕಾಗಿದ್ದು ಹಳಿಯ ಕಬ್ಬಿಣ ಮಾತ್ರ. ಎರಡು ವರ್ಷ ಒಂದು ಲೋಡೂ ಸಾಗದ ಹಳಿಯನ್ನು ಕೀಳಲು ಸರ್ಕಾರದ ಅನುಮತಿ ಸುಲಭ. ನಿಲ್ಲಿಸಿದ ಖಾಲಿ ವ್ಯಾಗನ್ ಸಾಗಣೆ ಎನಿಸುವುದಿಲ್ಲ. ಸಾಗಿಲ್ಲವೆಂಬ ಕಾಗದ ಅಪ್ಪನ ಸಹಿಗೆ ಬಂತು.

ಮಾರ್ಜಿ ನಾನಿಟ್ಟ ಕಾಫಿ ಮುಟ್ಟಲಿಲ್ಲ. "ಒಂದೇ ಒಂದು ಲೋಡ್ ಹೋಗಿತ್ತು ಅನ್ನು, ಆಲ್ವಿನ್. ಯಾರು ನೋಡಿದಾರೆ? ಲಾರಿ ಬಾಡಿಗೇಲಿ ಏನೂ ಗಿಟ್ಟಲ್ಲ, ಹಳಿ ಹೋದ್ರೆ ನನ್ನ ಕಣಜಕ್ಕೆ ಬೀಗಾನೇ."

"ಹೋಗಿದ್ರೆ ಅಂತಿದ್ದೆ."

"ಡೆಲ್‌ಗೆ ತಲೆಯಾಡಿಸುವಾಗ ಈ ಸತ್ಯವಂತ ಎಲ್ಲಿದ್ನೋ."

ಅಪ್ಪ ನನ್ನ ಕಡೆ ನೋಡಿದ. ನಿಂತ ಟ್ಯಾಂಕ್‌ಗಳ ಚಕ್ರಗಳ ನಡುವೆ ಕಳೆ ಏರುವುದನ್ನು ದಿನವೂ ಕಂಡಿದ್ದೆ. ಒಂದು ಮಾತೂ ಆಡಿರಲಿಲ್ಲ. ಈಗಲೂ ಬಟ್ಟಲು ಒರೆಸುತ್ತಾ ನಿಂತೆ. ಅವನು ಸಹಿ ಹಾಕಿದ.

ಟ್ಯಾಂಕ್‌ಗಳನ್ನು ಹೊರಗೆಳೆಯುವ ಕೆಲಸವೂ ಅವನಿಗೇ ಬಂತು. ನಾನು ಎಂಜಿನ್ನಿನಲ್ಲಿ ಪಕ್ಕಕ್ಕೆ ಕೂತೆ. ಹಳಿ ಹೆದ್ದಾರಿ ದಾಟುವಲ್ಲಿ ಗೋಧಿ ಹೇರಿದ ಮಾರ್ಜಿಯ ಲಾರಿ ನಿಂತಿತ್ತು. ಆ ಸುತ್ತಿನ ಎಂಬತ್ತು ಖಾಲಿ ವ್ಯಾಗನ್ ಹಾದುಹೋಗುವವರೆಗೂ ಅದು ಕಾಯಬೇಕು.

"ಸ್ವಲ್ಪ ಬೇಗ ಹೋಗೋಣ್ವಾ ಅಪ್ಪ?"

"ಈ ಹಳಿ ಆ ವೇಗ ತಡೆಯಲ್ಲ ಮಗಳೇ," ಎಂದ ಅವನು, ಲಾರಿಯ ಕಡೆ ತಿರುಗದೆ.