ರೈಮೊನ ಹೊಸ ಟೀಚರ್

ಉತ್ತರ ಫಿನ್ಲೆಂಡಿನ ನಮ್ಮೂರ ಶಾಲೆಯಲ್ಲಿ ಹೆಲಿನಾ, ರೈಮೊ ಇಬ್ಬರೂ ಗಣಿತ ಕಲಿಸುತ್ತಿದ್ದರು. ಹೆಂಡತಿ ಚಿಕ್ಕ ಮಕ್ಕಳಿಗೆ, ಗಂಡ ಏಳನೆಯ ತರಗತಿಯಿಂದ ಮೇಲಿನವರಿಗೆ. ಮೊದಲ ಹಿಮ ಬಿದ್ದ ವಾರ ರೈಮೊನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಸುಮಾರಾಗಿ ಸರಿಹೋದವು, ಮಾತೂ ಮರಳಿತು. ಲೆಕ್ಕ ಮಾತ್ರ ಮರಳಲಿಲ್ಲ. ಮೂರು ಹೆಚ್ಚೋ ಎಂಟು ಹೆಚ್ಚೋ ಎಂದರೆ ಸುಮ್ಮನೆ ನಗುತ್ತಿದ್ದ.

ಹೆಲಿನಾ ಅಳಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಮಾಡುತ್ತಿದ್ದಳು, ಅಂಗಳದ ಹಿಮ ಎತ್ತಿಹಾಕಿ ಶಾಲೆಗೆ ಹೋಗುತ್ತಿದ್ದಳು. ಯಾರಾದರೂ ಸಮಾಧಾನ ಹೇಳಿದರೆ, ಪಕ್ಕದ ಮನೆಯವರ ಸುದ್ದಿಯೇನೋ ಎಂಬಂತೆ ಕೇಳಿಸಿಕೊಳ್ಳುತ್ತಿದ್ದಳು.

ಗುರುವಾರ ಮಧ್ಯಾಹ್ನ ರೈಮೊನನ್ನು ನೋಡಿಕೊಳ್ಳಲು ಯಾರೂ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ ಅವಳು ನಾಲ್ಕನೆಯ ತರಗತಿಯ ಲೂಮಿಗೆ ಪ್ರತ್ಯೇಕ ಪಾಠ ಹೇಳಬೇಕಿತ್ತು. ಹಾಗಾಗಿ ಅವನನ್ನೂ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಊಟದ ಮನೆಯಿಂದ ಬಟಾಣಿ ಸೂಪಿನ ವಾಸನೆ ಇನ್ನೂ ಬರುತ್ತಿತ್ತು.

ಭಿನ್ನರಾಶಿ ಬಂದರೆ ಲೂಮಿ ಬಾಯಿಯೇ ಬಿಡುತ್ತಿರಲಿಲ್ಲ. ಹೆಲಿನಾ ಒಂದು ಏಲಕ್ಕಿ ಬನ್ನನ್ನು ಎರಡು ತುಂಡು, ಇನ್ನೊಂದನ್ನು ನಾಲ್ಕು ತುಂಡು ಮಾಡಿದಳು. "ಅರ್ಧ ದೊಡ್ಡದೋ, ಕಾಲು ದೊಡ್ಡದೋ?"

ಹುಡುಗಿ ತಲೆ ತಗ್ಗಿಸಿದಳು.

"ಕಾಲು!" ಎಂದ ರೈಮೊ ಹಿಂದಿನಿಂದ.

ಲೂಮಿ ಬೆರಗಾಗಿ ತಿರುಗಿದಳು. ಈ ಮೇಷ್ಟರೆಂದರೆ ಅವಳ ಅಕ್ಕ ನಡುಗುತ್ತಿದ್ದಳಂತೆ. "ಅಯ್ಯೋ, ಅಲ್ಲ ಸರ್! ಬನ್ನಿ ಇಲ್ಲಿ. ನಿಮಗೆ ಯಾವ ತುಂಡು ಬೇಕು?"

ಅವನು ದೊಡ್ಡದನ್ನೇ ಎತ್ತಿಕೊಂಡ.

"ನೋಡಿ, ಹೊಟ್ಟೆಗೆ ಗೊತ್ತಾಯ್ತು! ಅದೇ ಅರ್ಧ. ಜಾಸ್ತಿ ಜನ ಹಂಚಿಕೊಂಡ್ರೆ ಒಬ್ಬೊಬ್ಬರ ಪಾಲು ಚಿಕ್ಕದಾಗತ್ತೆ, ಅಲ್ವಾ?"

"ಇನ್ನೊಂದ್ಸಲ ಹೇಳಿ ಟೀಚರ್," ಎಂದ ರೈಮೊ ಬಾಯ್ತುಂಬ ಬನ್ನು ತುಂಬಿಕೊಂಡು.

ಲೂಮಿ ನಗುತ್ತಾ ಇನ್ನೊಮ್ಮೆ ಹೇಳಿದಳು. ಈ ಹುಡುಗಿ ಇಷ್ಟು ಮಾತಾಡಿದ್ದನ್ನು ಹೆಲಿನಾ ಕಂಡಿರಲಿಲ್ಲ. ತನಗೆ ಸಂತೋಷವಾಗಬೇಕು ಎಂದು ಅವಳಿಗೆ ಹೊಳೆಯಿತು. ಆಗಲಿಲ್ಲ. ಮೇಜಿನ ಮೇಲಿನ ಚೂರುಗಳನ್ನು ಒರೆಸಿದಳು.

ಚಳಿಗಾಲವೆಲ್ಲ ಹೀಗೇ ನಡೆಯಿತು. ರೈಮೊ ಪ್ರತಿ ವಾರವೂ ಮರೆತು ಬರುತ್ತಿದ್ದ, ಲೂಮಿ ಮೊದಲಿನಿಂದ ಶುರು ಮಾಡುತ್ತಿದ್ದಳು. ಅವನಿಗೆ ಹೇಳಿ ಹೇಳಿ ಅವಳಿಗೇ ಎಲ್ಲ ಬಂದುಬಿಟ್ಟಿತು. ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದಳು. ಪ್ರತ್ಯೇಕ ಪಾಠ ನಿಂತಿತು.

ಮುಂದಿನ ಗುರುವಾರವೂ ಹೆಲಿನಾ ರೂಢಿಯಂತೆ ಅವನನ್ನು ಶಾಲೆಗೆ ಕರೆತಂದಳು. ಖಾಲಿ ಕೋಣೆಯಲ್ಲಿ ರೈಮೊ ಬಾಗಿಲನ್ನೇ ನೋಡುತ್ತಾ ಕೂತ.

"ಟೀಚರ್ ಎಲ್ಲಿ?"

"ಅವಳು ಕಲಿತಳು. ಇನ್ನು ಬರಲ್ಲ."

"ನಾನು ಕಲಿತ್ನಾ?"

"ಇಲ್ಲ."

ಅವನು ಬಾಗಿಲು ಬಿಟ್ಟು ಅವಳ ಕಡೆ ತಿರುಗಿದ. "ಹಾಗಾದ್ರೆ ನೀನೇ ಹೇಳಿಕೊಡು. ಕಿರುಚಬೇಡ ಮತ್ತೆ. ಅವಳು ಯಾವತ್ತೂ ಕಿರುಚಲಿಲ್ಲ."

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ತಾನು ಕಿರುಚಿದ್ದು ಅವನಿಗೆ ನೆನಪಿದೆಯೆಂದು ಹೆಲಿನಾ ಎಣಿಸಿರಲಿಲ್ಲ. ಮಕ್ಕಳ ಪುಟ್ಟ ಕುರ್ಚಿ ಎಳೆದು ಅವನ ಪಕ್ಕ ಕೂತಳು. ಪೆನ್ಸಿಲುಗಳನ್ನು ಎರಡು ಗುಂಪು ಮಾಡಿದಳು.

"ಯಾವುದು ಜಾಸ್ತಿ?"

ಅವನು ತಪ್ಪಾದದ್ದನ್ನು ತೋರಿಸಿದ.

"ಅಲ್ಲ. ಇನ್ನೊಂದ್ಸಲ ನೋಡು," ಎಂದಳು ಮೆಲ್ಲಗೆ. ಎದೆಯೊಳಗೆ ಏನೂ ಕದಲಲಿಲ್ಲ. ಮನೆಗೆ ಹೋಗುವ ಅವಸರವೂ ಇರಲಿಲ್ಲ.